ಹೊಲಿಗೆಗೆ ಬಿಟ್ಟ ಒಂದು ಸೆಂಟಿಮೀಟರ್

ಬಿಜೈ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಾಝಿಮಾ, ಎದುರು ನಿಂತವರ ಭುಜ ನೋಡಿಯೇ ತೋಳಿನ ಅಳತೆ ಹೇಳುವ ಹೆಂಗಸು. ಟೇಪು ಹಿಡಿಯುವುದೆಲ್ಲ ಗಿರಾಕಿಯ ಸಮಾಧಾನಕ್ಕೆ. ಇಂಥವಳು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಳೆಂದರೆ ಯಾರು ನಂಬುತ್ತಾರೆ? ನಂಬಲೇಬೇಕು, ಅಂಕಪಟ್ಟಿ ಅವಳ ಕಪಾಟಿನಲ್ಲೇ ಇದೆ.

ನಲವತ್ಮೂರನೆಯ ವಯಸ್ಸಿನಲ್ಲಿ ಈ ಉಸಾಬರಿ ಏಕೆಂದರೆ, ಊರಿನ ಮಹಿಳಾ ತರಬೇತಿ ಕೇಂದ್ರದವರು ಹೊಲಿಗೆ ಕಲಿಸಲು ಅವಳನ್ನೇ ಕರೆದಿದ್ದರು. ಹತ್ತನೆಯ ತರಗತಿ ಪಾಸಾಗಿರಬೇಕು ಎಂಬುದೊಂದೇ ಷರತ್ತು. ಆ ವರ್ಷದ ಮೂರನೆಯ, ಕೊನೆಯ ಪರೀಕ್ಷೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ನಾಝಿಮಾಳಿಗೆ, ಯಾರಾದರೂ ತನ್ನನ್ನು ಒಮ್ಮೆ 'ಟೀಚರ್' ಎಂದು ಕರೆಯಬೇಕೆಂಬ ಆಸೆ. ಅದನ್ನು ಗಂಡನಿಗೂ ಹೇಳಿರಲಿಲ್ಲ. ಉಳಿದ ಐದು ವಿಷಯ ಮೊದಲ ಸಲವೇ ಪಾಸಾಗಿತ್ತು. ಗಣಿತ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಪಾಠ ಹೇಳುತ್ತಿದ್ದವಳು ಪಿಯುಸಿ ಓದುವ ಮಗಳು ಝಹ್ರಾ. ಅವಳ ಕೈಯಲ್ಲಿ ಕೆಂಪು ಪೆನ್ನು. ಉತ್ತರ ನೋಡುವುದು, ಗೀಟು ಹಾಕುವುದು, ಮೊದಲು ಹೇಳಿದ್ದನ್ನೇ ಇನ್ನಷ್ಟು ವೇಗವಾಗಿ ಹೇಳುವುದು. ಒಂದು ದಿನ ಅವಳು, "ಇಷ್ಟು ಸುಲಭದ್ದು ಬರುದಿಲ್ವಾ ಉಮ್ಮ?" ಎಂದು ಕೇಳಿಬಿಟ್ಟಳು. ಮರುದಿನ ನಾಝಿಮಾ ಅಂಗಡಿಗೆ ಬಂದು ನೋಟುಪುಸ್ತಕವನ್ನು ಚಿಂದಿ ಬಟ್ಟೆಯ ಮೂಟೆಗೆ ತುರುಕಿ, ಮಿಶನ್ ಮೇಲೆ ಬಗ್ಗಿ ಅತ್ತಳು. ತನ್ನ ಕೈಯಲ್ಲೇ ಯೂನಿಫಾರ್ಮ್ ಹೊಲಿಸಿಕೊಂಡ ಕೂಸು ತನ್ನನ್ನು ದಡ್ಡಿ ಮಾಡಿತಲ್ಲ ಎಂಬ ಸಂಕಟ ಅದು.

ಆ ಮೂಟೆಗೆ ಕೈ ಹಾಕಿದವರು ಮಣ್ಣಗುಡ್ಡದ ರಮಾದೇವಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಇಪ್ಪತ್ತು ವರ್ಷದ ಗಿರಾಕಿ. ದಿಂಬಿಗೆ ತುಂಬಲು ಚಿಂದಿ ಕೇಳಿ ಬಂದಿದ್ದರು, ಸಿಕ್ಕಿದ್ದು ನೋಟುಪುಸ್ತಕ. ಗಣಿತದ ಮೇಷ್ಟ್ರುಗಳ ಕೈಗೆ ನೋಟುಪುಸ್ತಕ ಸಿಕ್ಕರೆ ಬಿಡುತ್ತಾರೆಯೇ? ಕನ್ನಡಕ ಏರಿಸಿ ಸ್ಟೂಲಿನ ಮೇಲೆ ಕೂತೇಬಿಟ್ಟರು.

ಅಲ್ಲೊಂದು ಸಿಲಿಂಡರಿನ ಲೆಕ್ಕವಿತ್ತು. ತ್ರಿಜ್ಯ ಏಳು, ಎತ್ತರ ಹತ್ತು ಸೆಂಟಿಮೀಟರ್, ವಕ್ರ ಮೇಲ್ಮೈ ವಿಸ್ತೀರ್ಣ ಎಷ್ಟು? ನಾಝಿಮಾ ಸುತ್ತಳತೆ ನಲವತ್ನಾಲ್ಕು ಎಂದು ಸರಿಯಾಗಿಯೇ ಕಂಡುಹಿಡಿದಿದ್ದಳು. ಮುಂದಿನ ಸಾಲಿನಲ್ಲಿ ಅದು ನಲವತ್ತೈದಾಗಿತ್ತು. ಹತ್ತರಿಂದ ಗುಣಿಸಿ ನಾನೂರ ಐವತ್ತು, ಅದರ ಮೇಲೆ ಕೆಂಪು ಗೀಟು.

"ಈ ಒಂದು ಎಲ್ಲಿಂದ ಬಂತು ನಾಝಿಮಾ?"

ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. "ಅದು ಎರಡು ತುದಿ ಸೇರಿಸ್ಲಿಕ್ಕೆ ಟೀಚರ್. ಹೊಲಿಗೆಗೆ ಬಟ್ಟೆ ಬಿಡದೆ ತೋಳು ಹೊಲಿಯುದು ಹೇಗೆ?"

ರಮಾದೇವಿ ಹಾಳೆ ತಿರುವಿದರು. ಆಯತವಿದ್ದಲ್ಲಿ ಅಂಚು ಮಡಿಸಲು ಬಿಟ್ಟಿದ್ದಳು, ತ್ರಿಕೋನವಿದ್ದಲ್ಲಿ ಮೂರು ಬದಿಗೂ ಬಿಟ್ಟಿದ್ದಳು. ಅವಳ ಕೈಗೆ ಅದು ಎಷ್ಟು ಅಭ್ಯಾಸವೆಂದರೆ, ಕೂಡಿಸುತ್ತಿದ್ದೇನೆಂಬ ನೆನಪೂ ಇರಲಿಲ್ಲ. ರಮಾದೇವಿ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಕಣ್ಣೊರಸಿಕೊಂಡರು.

"ನಿನಗೆ ಲೆಕ್ಕ ಬರುದಿಲ್ಲ ಅಂತ ಹೇಳಿದ್ದು ಯಾರು ಮಾರಾಯ್ತಿ? ಪುಸ್ತಕದ ಸಿಲಿಂಡರಿಗೆ ಹೊಲಿಗೆ ಇಲ್ಲ, ಅಷ್ಟೇ."

ಅಲ್ಲಿಂದ ವಾರಕ್ಕೆ ಎರಡು ಮಧ್ಯಾಹ್ನ ಮಣ್ಣಗುಡ್ಡದಲ್ಲಿ ಪಾಠ. ರವಿಕೆಯ ಮಾತು ತುಳುವಿನಲ್ಲಿ, ಗಣಿತದ ಮಾತು ಕನ್ನಡದಲ್ಲಿ. ಎಲ್ಲವೂ ಸಲೀಸಾಯಿತು ಎಂದರೆ ಸುಳ್ಳಾದೀತು. ಬೀಜಗಣಿತ ಕೊನೆಯವರೆಗೂ ಅವಳನ್ನು ಗೋಳು ಹೊಯ್ದುಕೊಂಡಿತು. ಆದರೆ ಪರೀಕ್ಷೆಯಲ್ಲಿ ಸಿಲಿಂಡರ್ ಬಂದಾಗ ಅವಳು ಪೆನ್ನು ಕೆಳಗಿಟ್ಟು, ಎಡಗೈಯಿಂದ ಬಲಗೈಯನ್ನು ಒಂದು ನಿಮಿಷ ಹಿಡಿದುಕೊಂಡು ಆಮೇಲೆ ಬರೆದಳು. ನಲವತ್ತೊಂದು ಅಂಕ ಬಂತು, ಪಾಸಾದಳು. ಝಹ್ರಾ ಕೆಂಪು ಪೆನ್ನನ್ನು ತಾನಾಗಿ ತಂದುಕೊಟ್ಟಳು.

ತರಬೇತಿ ಕೇಂದ್ರದ ಮೊದಲ ವಾರವೇ ಕಾರ್ಮಿನ್ ಎಂಬ ಹುಡುಗಿ ಹೊಲಿದ ತೋಳಿನೊಳಗೆ ಕೈ ಇಳಿಯಲಿಲ್ಲ. ಸರಿಯಾಗಿ ಹನ್ನೆರಡು ಇಂಚಿಗೆ ಕತ್ತರಿಸಿದ್ದಳು. ಉಳಿದವರು ಕಿಸಕ್ಕೆಂದರು. ಇಷ್ಟು ಸುಲಭದ್ದು ಎಂಬ ಮಾತು ನಾಝಿಮಾಳ ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡು ಹುಡುಗಿಯ ಪಕ್ಕದಲ್ಲಿ ಕುಳಿತಳು.

"ಈ ಹನ್ನೆರಡು ಎಲ್ಲಿಂದ ಬಂತು, ಹೇಳು."

"ತೋಳಿನ ಸುತ್ತಳತೆ ಅಷ್ಟೇ ಉಂಟಲ್ಲ ಟೀಚರ್," ಎಂದಳು ಕಾರ್ಮಿನ್.

ಉತ್ತರ ನಾಝಿಮಾಳಿಗೆ ಗೊತ್ತಿತ್ತು. ಆದರೂ ಆ 'ಟೀಚರ್' ಇನ್ನೊಮ್ಮೆ ಕಿವಿಗೆ ಬೀಳಲೆಂದು, "ಎಂತ ಹೇಳಿದ್ದು? ಇನ್ನೊಮ್ಮೆ ಹೇಳು," ಎಂದಳು.