ಅಣ್ಣನ ಎಸ್ಟಿಮೇಟಿಗೊಂದು ಕಂಪ್ಯೂಟರ್

ಇಟ್ಟಿಗೆ ಕೈಗೆ ಕೊಟ್ಟರೆ ಸರಿಯಾಗಿ ಬೆಂದಿದೆಯೋ ಇಲ್ಲವೋ ಹೇಳಬಲ್ಲೆ. ಮರಳನ್ನು ಮುಷ್ಟಿಯಲ್ಲಿ ಹಿಸುಕಿ ಅದರಲ್ಲಿ ಮಣ್ಣೆಷ್ಟು ಸೇರಿದೆ ಎಂದು ಹೇಳಬಲ್ಲೆ. ಅಂಥವಳು ಐವತ್ತೆರಡನೇ ವಯಸ್ಸಿನಲ್ಲಿ ಸಿಕಂದರಾಬಾದಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಪೆದ್ದಿಯ ಹಾಗೆ ನಿಂತಿದ್ದೆ. "ಕ್ಯಾ ಹೋನಾ ಆಪಾ?" ಎಂದ ಅಂಗಡಿಯವನು. ಏನು ಬೇಕು ಅಂತ ಕೇಳಿದ್ದಷ್ಟೇ. ಮನೆ ಕಟ್ಟುವ ಎಸ್ಟಿಮೇಟ್ ಮಾಡಬೇಕು, ನಕ್ಷೆ ತೆರೆದು ನೋಡುವಂತಿರಬೇಕು ಎಂದೆ. ಅವನು ರ‍್ಯಾಮ್ ಎಂದ, ಗ್ರಾಫಿಕ್ಸ್ ಕಾರ್ಡ್ ಎಂದ, ಇನ್ನೂ ಏನೇನೋ ಎಂದ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಜೊತೆಗೆ ಬಂದಿದ್ದ ಅಣ್ಣ ಮಾತ್ರ ಸಾಲಾಗಿ ಇಟ್ಟಿದ್ದ ಕಂಪ್ಯೂಟರ್ ಡಬ್ಬಿಗಳನ್ನು ಒಂದೊಂದಾಗಿ ಬೆರಳಗೆಣ್ಣಿನಿಂದ ತಟ್ಟುತ್ತಾ ಹೋಗಿ, ಕೊನೆಗೆ ತೀರ್ಪು ಕೊಟ್ಟ.

"ತಗಡ ಭಾಳ ತೆಳ್ಳಗೈತಿ ತಂಗಿ. ಇದು ಬ್ಯಾಡ."

ತಗಡು ದಪ್ಪಗಿದ್ದದ್ದನ್ನೇ ಕೊಂಡೆವು. ಮೊದಲು ಸಾಫ್ಟ್‌ವೇರ್ ಆರಿಸಿ, ಅದಕ್ಕೆ ಎಂಥ ಕಂಪ್ಯೂಟರ್ ಬೇಕು ಎಂದು ತಿಳಿದು, ಆಮೇಲೆ ಅಂಗಡಿಗೆ ಹೋಗಬೇಕೆಂದು ನಮಗೆ ಯಾರು ಹೇಳಬೇಕು? ತಿಂಗಳು ಕಳೆಯುವುದರೊಳಗೆ ಅದೇ ಡಬ್ಬಿಯನ್ನು ಆಟೋದಲ್ಲಿ ಹಾಕಿಕೊಂಡು, ಅದೇ ಅಂಗಡಿಗೆ ಹೋಗಿ, ರ‍್ಯಾಮ್ ಹೆಚ್ಚಿಸಿಕೊಂಡು ಬಂದೆ. ಮೂರನೇ ಮಹಡಿಯ ಆಫೀಸಿಗೆ ಅದನ್ನು ಹೊತ್ತು ಹತ್ತುವಾಗ, ಇದೆಲ್ಲ ಯಾರಿಗಾಗಿ ಎಂದು ಸಿಟ್ಟು ಬಂದಿತ್ತು. ಯಾರಿಗಾಗಿ ಎಂಬುದು ಗೊತ್ತಿದ್ದರೂ ಸಿಟ್ಟು ಬಂದಿತ್ತು.

ನಮ್ಮದು ಸಣ್ಣ ಕಟ್ಟಡ ಗುತ್ತಿಗೆ. ಅಪ್ಪ ಬಾಗಲಕೋಟೆ ಕಡೆಯಿಂದ ಹೈದರಾಬಾದಿಗೆ ಬಂದು ಶುರು ಮಾಡಿದ್ದು. ಇನ್ನೂರು, ಮುನ್ನೂರು ಗಜದ ಜಾಗದಲ್ಲಿ ಎರಡು ಮಹಡಿಯ ಮನೆಗಳು. ಅದಕ್ಕಿಂತ ದೊಡ್ಡದಕ್ಕೆ ನಾವು ಕೈ ಹಾಕಿದವರಲ್ಲ. ಅಪ್ಪ ಹೋದ ಮೇಲೆ ಅಣ್ಣ ನಡೆಸಿದ. ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ನನ್ನನ್ನು ಡಿಪ್ಲೊಮಾ ಓದಿಸಿದವನೂ ಅವನೇ, ನನಗೆ ಮದುವೆ ಕೂಡಿಬರದಾಗ ಊರವರ ಬಾಯಿ ಮುಚ್ಚಿಸಿದವನೂ ಅವನೇ. ಮೆಹದಿಪಟ್ಟಣಂನ ಮನೆಯಲ್ಲಿ ಅವನು, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು. ದಿನಾ ಬೆಳಿಗ್ಗೆ ಇಬ್ಬರೂ ಹಿಮಾಯತ್‌ನಗರದ ಆಫೀಸಿಗೆ ಬರುತ್ತೇವೆ.

ನಮ್ಮಲ್ಲಿ ಎಸ್ಟಿಮೇಟ್ ಆಗುವುದು ಬಾಯಿಂದ. ಅಣ್ಣ ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳತೆ ಕೂಗುತ್ತಾನೆ, ನಾನು ಬರೆದುಕೊಳ್ಳುತ್ತೇನೆ. "ಉದ್ದ ಗೋಡಿ ಎರಡ. ನಲವತ್ತು ಫೂಟ. ಅಡ್ಡ ಗೋಡಿ ಮೂರ." ಹೀಗೆ ಅಡಿಪಾಯದಿಂದ ಮೇಲಿನ ನೀರಿನ ಟ್ಯಾಂಕಿನವರೆಗೆ. ಇದಕ್ಕೆ ಅಪ್ಪ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು: ಬರೆಯುವವರು ಬಾಯಿ ತೆರೆಯಬಾರದು. ನಡುವೆ ಮಾತಾಡಿದರೆ ಕೂಗುವವರ ಎಣಿಕೆ ತಪ್ಪುತ್ತದೆ. ಅಪ್ಪ ಕೂಗುವಾಗ ಅಣ್ಣ ಹಲ್ಲು ಕಚ್ಚಿಕೊಂಡು ಬರೆದ. ಅಣ್ಣ ಕೂಗಲು ಶುರು ಮಾಡಿದ ಮೇಲೆ ನಾನು ಬರೆದೆ. ಸೀನು ಬಂದರೂ ತಡೆದುಕೊಂಡು ಬರೆದವಳು ನಾನು.

ಎರಡು ವರ್ಷದ ಹಿಂದೆ ಒಂದು ಮನೆಗೆ ಅಣ್ಣ ಅಡ್ಡ ಗೋಡೆಗಳನ್ನೂ ಹೊರಮೈಯಿಂದ ಹೊರಮೈಗೆ ಅಳೆದು ಕೂಗಿದ. ಹಾಗೆ ಅಳೆದರೆ ಮನೆಯ ಪ್ರತಿ ಮೂಲೆಯ ಇಟ್ಟಿಗೆಯೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಈ ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ನನಗೆ ಹೇಳಿಕೊಟ್ಟದ್ದು ಅಣ್ಣನೇ. ನಾನು ತಲೆಯೆತ್ತಲಿಲ್ಲ, ಬರೆದೆ. ಆಯಾಸವಾಗಿರಬೇಕು ಅಂದುಕೊಂಡೆ. ಮುಂದಿನ ಮನೆಗೆ ಮೊದಲ ಮಹಡಿಯ ಕಿಟಕಿಗಳನ್ನು ಗೋಡೆಯ ಅಳತೆಯಿಂದ ಎರಡು ಸಲ ಕಳೆದ. ಅದರ ಮುಂದಿನದಕ್ಕೆ ಮೆಟ್ಟಿಲನ್ನೇ ಬಿಟ್ಟ. ಮೆಟ್ಟಿಲಿಲ್ಲದ ಎರಡು ಮಹಡಿ ಮನೆ! ನಗು ಬರಬೇಕಿತ್ತು. ಬರಲಿಲ್ಲ.

ಅಲ್ಲಿಂದ ನಾನು ಪ್ರತಿ ಎಸ್ಟಿಮೇಟನ್ನೂ ಎರಡು ಸಲ ಮಾಡತೊಡಗಿದೆ. ವಾರವೆಲ್ಲ ಅವನು ಕೂಗಿದ್ದನ್ನು ಬರೆಯುವುದು. ಭಾನುವಾರ ನಕ್ಷೆಯನ್ನು ಚೀಲದಲ್ಲಿ ಅಡಗಿಸಿ ಮನೆಗೆ ತಂದು, ಅವನು ದೇವಸ್ಥಾನಕ್ಕೆ ಹೋದಾಗ ಒಬ್ಬಳೇ ಮೊದಲಿನಿಂದ ಅಳೆಯುವುದು. ಆಮೇಲೆ ಚೊಕ್ಕ ಪ್ರತಿ ಬರೆದು ಫೈಲಿಗೆ ಸೇರಿಸಿ, ಅವನು ಹೇಳಿ ಬರೆಸಿದ ಹಾಳೆಯನ್ನು ಹರಿದುಹಾಕುವುದು. ಒಂದು ದಿನ ವೈನಿ ನೋಡಿಬಿಟ್ಟರು. ಅವರಿಗೂ ಮನೆಯಲ್ಲಿ ಒಂದೆರಡು ಅನುಭವ ಆಗಿದ್ದವು. ಅಣ್ಣ ಗ್ಯಾಸ್ ಹಚ್ಚಿ ಮರೆತದ್ದು, ಕೋಠಿ ಬಜಾರಿಗೆ ಔಷಧಿ ತರಲು ಹೋಗಿ ಬರಿಗೈಲಿ ಬಂದದ್ದು.

"ಅವರಿಗೆ ಹೇಳಬ್ಯಾಡ. ಮನಸಿಗೆ ಭಾಳ ಹಚ್ಕೋತಾರ" ಎಂದರು ವೈನಿ.

ನಾನೂ ಹೂಂ ಅಂದೆ. ಹೇಳುವ ಧೈರ್ಯ ನನಗೂ ಇರಲಿಲ್ಲ, ವೈನಿಯ ಮಾತು ಒಂದು ನೆಪ ಆಯಿತು.

ಹೋದ ಬೇಸಿಗೆಯಲ್ಲಿ ಜ್ವರ ಬಂದು ಹದಿನೈದು ದಿನ ಮಲಗಿದೆ. ಆಗ ಒಂದು ಎಸ್ಟಿಮೇಟ್ ನನ್ನ ಕಣ್ಣು ತಪ್ಪಿಸಿ ಹೊರಗೆ ಹೋಯಿತು. ಅದರಲ್ಲಿ ನೆಲದೊಳಗಿನ ನೀರಿನ ಸಂಪೇ ಇರಲಿಲ್ಲ. ಮನೆಯ ಯಜಮಾನರು ಒಪ್ಪಿದ ಮೊತ್ತಕ್ಕೇ ಸಂಪೂ ಆಗಬೇಕು ಎಂದು ಕೂತರು. ತಪ್ಪು ನಮ್ಮದಾದ ಮೇಲೆ ಅವರನ್ನು ಅಂದು ಏನು ಪ್ರಯೋಜನ? ಅಣ್ಣ, "ಸಂಪು ನಾ ಹೇಳಿದ್ನಲ್ಲ?" ಎಂದ. "ಹೇಳಿದ್ದಿ ಅಣ್ಣಾ, ಬರಕೊಳ್ಳೋದು ಯಾರೋ ಬಿಟ್ಟಾರ" ಎಂದೆ. ನಾನಿಲ್ಲದಾಗ ಬರೆದುಕೊಂಡದ್ದು ಸೈಟಿನ ಸೂಪರ್‌ವೈಸರ್. ಆತ ಅಣ್ಣನ ಕೈಯಲ್ಲಿ ಬೈಸಿಕೊಂಡ. ಆತನ ಮುಖ ನೋಡಲಾಗಲಿಲ್ಲ ನನಗೆ. ಮರುದಿನವೇ ಅಣ್ಣನಿಗೆ, ಈಗ ಎಲ್ಲರೂ ಕಂಪ್ಯೂಟರಿನ ಎಸ್ಟಿಮೇಟೇ ಕೇಳುತ್ತಾರೆ, ನಾವೂ ತರಿಸೋಣ ಎಂದೆ. ತಪ್ಪು ಹಿಡಿಯುವ ಕೆಲಸ ಯಂತ್ರದ ಪಾಲಾದರೆ ನಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಭಾನುವಾರವೊಂದು ನನಗೆ ವಾಪಸು ಸಿಕ್ಕರೆ ಸಾಕಾಗಿತ್ತು.

ಸಾಫ್ಟ್‌ವೇರ್ ತೋರಿಸಲು ಮೊದಲು ಬಂದವನು ಇಂಗ್ಲಿಷು, ತೆಲುಗು ಬೆರೆಸಿ ಒಂದು ಗಂಟೆ ಮಾತಾಡಿದ. ಪರದೆಯ ಮೇಲೆ ಮೂವತ್ತು ಅಂತಸ್ತಿನ ಗಾಜಿನ ಕಟ್ಟಡ ಗಿರಗಿರ ತಿರುಗಿತು. "ಮಾವಿ ರೆಂಡು ಅಂತಸ್ತುಲೇ ಬಾಬು" ಎಂದ ಅಣ್ಣ. ನಮ್ಮವು ಎರಡೇ ಅಂತಸ್ತು ಎಂದು ಕೇಳಿದ ಮೇಲೆ ಆತನ ಉತ್ಸಾಹ ಇಳಿಯಿತು, ಚಹಾ ಕುಡಿದು ಹೋದ. ನಮ್ಮ ಕಂಪ್ಯೂಟರಿಗೆ ರ‍್ಯಾಮ್ ಸಾಲದು ಎಂದು ಕೊಂಕು ತೆಗೆದು ಹೋದವನೂ ಇವನೇ. ಎರಡನೆಯವನು ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕು, ಇಲ್ಲದಿದ್ದರೆ ಹಳೆಯ ಫೈಲೂ ತೆರೆಯುವುದಿಲ್ಲ ಎಂದ. "ನಮ್ಮ ಎಸ್ಟಿಮೇಟ್ ನಾವ ನೋಡಾಕ ಬಾಡಗಿ ಕೊಡಬೇಕೇನು?" ಎಂದು ಅಣ್ಣ ಎದ್ದೇಬಿಟ್ಟ. ನಾನು ದಣಿದಿದ್ದೆ. ಇನ್ನೊಬ್ಬರನ್ನು ನೋಡಿ ಇದನ್ನು ಕೈಬಿಡುವುದೆಂದು ತೀರ್ಮಾನಿಸಿದೆ.

ಮೂರನೆಯವಳು ಇಪ್ಪತ್ತೈದು ದಾಟಿರದ ಹುಡುಗಿ. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿ, "ನೀವು ಕನ್ನಡದವರಾ ಸರ್?" ಎಂದಳು.

"ಯಾ ಊರವ್ವಾ ನಿಂದು?"

"ಮೈಸೂರು ಸರ್."

ಅಣ್ಣ ಅರಳಿದ. ಕುರ್ಚಿ ತಾನೇ ಸರಿಸಿಕೊಟ್ಟ. ಅವಳು ಮಾತಿನಲ್ಲಿ ಹೊತ್ತು ಕಳೆಯಲಿಲ್ಲ. "ನಿಮ್ಮದೇ ಹಳೇ ಮನೆ ಒಂದು ಕೊಡಿ ಸರ್, ಅದನ್ನೇ ಮಾಡಿ ತೋರಿಸ್ತೀನಿ. ನಿಮ್ಮ ಲೆಕ್ಕಕ್ಕೆ ಹೋಲಿಸಿ ನೋಡ್ಬಹುದು" ಎಂದಳು. ನಾನು ಯಾವುದೋ ಫೈಲು ಹುಡುಕುವವಳಂತೆ ಎದ್ದೆ. ಅಷ್ಟರಲ್ಲಿ ಅಣ್ಣ ಆರು ತಿಂಗಳ ಹಿಂದಿನ ಒಂದು ಮನೆಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಸ್ಕೇಲು ಹಿಡಿದಾಗಿತ್ತು. ಅವಳು ನಕ್ಷೆಯ ಪ್ರತಿಯನ್ನು ಪರದೆಯ ಮೇಲೆ ತೆರೆದಳು.

"ಸುರು ಮಾಡ್ಲ್ಯಾ? ಉದ್ದ ಗೋಡಿ ಎರಡ..."

ಅವನು ಕೂಗಿದಂತೆಲ್ಲ ಅವಳು ಒತ್ತುತ್ತಿದ್ದಳು, ಲೆಕ್ಕಕ್ಕೆ ಬಂದ ಗೋಡೆ ಪರದೆಯ ಮೇಲೆ ಹಸಿರಾಗುತ್ತಿತ್ತು. ನನಗೆ ಬರೆಯುವ ಕೆಲಸವಿರಲಿಲ್ಲ. ಕೈ ಕಟ್ಟಿಕೊಂಡು ಅಣ್ಣನ ಹಿಂದೆ ನಿಂತಿದ್ದೆ. ಐದು ನಿಮಿಷವೂ ಆಗಿರಲಿಲ್ಲ.

"ಸರ್, ಈ ಗೋಡೆ ಆಗ್ಲೇ ಹೇಳಿದ್ರಿ" ಎಂದಳು.

ಅಷ್ಟೇ. ಎರಡು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅವಳ ಬಾಯಿಂದ ಬಸ್ಸಿನ ಟಿಕೆಟು ಕೇಳಿದಷ್ಟು ಸಲೀಸಾಗಿ ಬಂತು.

"ಹೇಳಿದ್ನಾ?"

"ಹೌದು ಸರ್, ಹಸಿರಾಗಿದೆ ನೋಡಿ. ಪರವಾಗಿಲ್ಲ, ಮುಂದೆ ಹೇಳಿ."

ಅಣ್ಣ ಸಿಟ್ಟಾಗುತ್ತಾನೆಂದುಕೊಂಡೆ. ಅವನು ಬಗ್ಗಿ ಪರದೆ ನೋಡಿ, "ಹೌದವ್ವಾ, ಹೌದು" ಎಂದು ಮುಂದುವರಿದ. ಆಮೇಲೂ ಎರಡು ಸಲ ಅವಳು ತಡೆದಳು. ಒಮ್ಮೆ ಕಿಟಕಿಗಳಿಗೆ, ಒಮ್ಮೆ ಮೇಲಿನ ಟ್ಯಾಂಕು ಉಳಿಯಿತೆಂದು. ಎರಡು ಸಲವೂ ಅಣ್ಣ ಹೌದವ್ವಾ ಅಂದ. ಅವಳು ಮುಗಿಸಿ, ಪ್ರಿಂಟ್ ಕೊಟ್ಟು, ಮತ್ತೆ ಫೋನ್ ಮಾಡುವುದಾಗಿ ಹೇಳಿ ಹೋದಳು.

ಅಣ್ಣ ಕಪಾಟಿನಿಂದ ಆ ಮನೆಯ ಫೈಲು ತೆಗೆದ. ನನ್ನ ಅಕ್ಷರದ ಚೊಕ್ಕ ಪ್ರತಿಯನ್ನೂ ಅವಳ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದತೊಡಗಿದ. ಗೋಡೆ, ಕಿಟಕಿ, ಟ್ಯಾಂಕು, ಎಲ್ಲ ತಾಳೆಯಾಗುತ್ತಿತ್ತು. ಕೊನೆಯ ಸಾಲಿನವರೆಗೂ ಹೋದ. ಕನ್ನಡಕ ತೆಗೆದು ನನ್ನ ಕಡೆ ತಿರುಗಿದ.

"ಈ ಮನಿ ಅವತ್ತ ನಾ ಸರಿಯಾಗಿ ಹೇಳಿದ್ನೇನು?"

ಹೌದು ಎನ್ನಬಹುದಿತ್ತು. ಇವತ್ತು ಹೊಸಬಳ ಮುಂದೆ ಗಡಿಬಿಡಿ ಆಯಿತು ಬಿಡು ಎನ್ನಬಹುದಿತ್ತು. ಎರಡೂ ನಾಲಗೆಯ ತುದಿಗೆ ಬಂದಿದ್ದವು. ಆದರೆ ನನಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"ಇಲ್ಲ ಅಣ್ಣಾ."

"ಮತ್ತ ಇದನ್ನ ಯಾರು ತಿದ್ದಿದ್ದು?"

"ನಾನ."

"ಇದೊಂದ ಏನು?"

"ಎಲ್ಲಾನೂ. ಎರಡ ವರ್ಷ ಆತು."

ಅವನು ಫೈಲು ಮುಚ್ಚಿದ. ಬೈಯಲಿ ಎಂದು ಕಾದೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

"ನಿಮ್ಮ ವೈನಿಗೆ ಗೊತ್ತೈತೇನು?" ಎಂದ. ತನ್ನ ಹೆಂಡತಿಯ ಬಗ್ಗೆ, ಯಾರೋ ದೂರದವರ ಬಗ್ಗೆ ಕೇಳಿದಂತೆ ಕೇಳಿದ.

"ಗೊತ್ತೈತಿ."

"ನಿನಗೇನು ಅನಸ್ತು? ನನಗ ಗೊತ್ತಾಗಿರಲಿಲ್ಲ ಅಂತೇನು?" ಅಣ್ಣನ ದನಿ ಏರಲಿಲ್ಲ. "ತಲಿಯೊಳಗ ಏನೋ ಜಾರಾಕತ್ತೈತಿ ಅಂತ ನನಗ ಭಾಳ ದಿನದಿಂದ ಅನಸ್ತಿತ್ತು. ಡಾಕ್ಟರ್ ಕಡೆ ಹೋಗಬೇಕಂತ ಎಷ್ಟ ಸಲ ಅನ್ಕೊಂಡೆ. ಪ್ರತಿ ಸಲ ಕೂಗೂವಾಗ ನಿನ್ನ ಮಾರಿ ನೋಡ್ತಿದ್ದೆ. ತಪ್ಪಿದ್ರ ಇಕಿ ತಲಿ ಎತ್ತತಾಳ, ಇಕಿಗೆ ನಾನ ಕಲಿಸೀನಿ, ಇಕಿಗೆ ತಿಳಿಯದ ಇರೂದಿಲ್ಲ ಅಂತ. ನೀ ತಲಿ ಎತ್ತಲಿಲ್ಲ. ಬರಕೋತ ಹೋದಿ. ಅದಕ್ಕ ನಾ ಚಲೋ ಅದೀನಿ ಅಂತ ಡಾಕ್ಟರ್ ಕಡೆ ಹೋಗಲಿಲ್ಲ."