ಇಡೀ ಪ್ಯಾಂಟು ಕಲಿಸಿದ ಉಜ್ಜಿನಮ್ಮ

ಗುಮ್ಮಘಟ್ಟದಿಂದ ಬೆಳಿಗ್ಗೆ ಎಂಟರ ಆಟೊ ಹಿಡಿದು ರಾಯದುರ್ಗಕ್ಕೆ ಬರುವ ಉಜ್ಜಿನಮ್ಮ ಇಪ್ಪತ್ತೆರಡು ವರ್ಷಗಳಿಂದ ಜೀನ್ಸ್ ಹೊಲಿಯುತ್ತಿದ್ದಾರೆ. ಮಷಿನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಒಂದು ದಿನವೂ ಪೆಡಲ್ ಮೇಲೆ ಕಾಲಿಟ್ಟವರಲ್ಲ.

ಅವರು ದುಡಿಯುವ ಲಕ್ಷ್ಮಣಪ್ಪನವರ ಶೆಡ್ಡಿನಲ್ಲಿ ಒಬ್ಬರದು ಜೇಬು, ಒಬ್ಬರದು ಜಿಪ್, ಇನ್ನೊಬ್ಬರದು ಸೊಂಟಪಟ್ಟಿ. ತನ್ನ ಪಾಲು ಮುಗಿದೊಡನೆ ತುಂಡನ್ನು ಎಡಕ್ಕೆ ಎಸೆದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಇಡೀ ಪ್ಯಾಂಟು ಹೊಲಿಯಬಲ್ಲವರಲ್ಲಿ ಈಗ ಉಳಿದಿರುವುದು ಉಜ್ಜಿನಮ್ಮ ಒಬ್ಬರೇ.

ಮೂರು ವರ್ಷ ಜಿಪ್ ಮಾತ್ರ ಹೊಲಿದಿದ್ದ ಶಿರಿಷಾ ಒಂದು ದಿನ ಇಡೀ ಪ್ಯಾಂಟು ಕಲಿಸಿರೆಂದು ಅವರ ಬಳಿ ಬಂದಳು. ಜೋರ್ಡಾನಿನ ಗಾರ್ಮೆಂಟ್ಸಿಗೆ ಟೈಲರುಗಳನ್ನು ಆರಿಸುವ ಪರೀಕ್ಷೆ ಅನಂತಪುರದಲ್ಲಿ ಇನ್ನು ಇಪ್ಪತ್ತು ದಿನಕ್ಕಿತ್ತು. ಒಬ್ಬಳೇ ಕುಳಿತು, ಹೇಳಿದ ಸಮಯದೊಳಗೆ ಒಂದು ಪ್ಯಾಂಟು ಮುಗಿಸಬೇಕು.

ಸುದ್ದಿ ಲಕ್ಷ್ಮಣಪ್ಪನವರಿಗೆ ಮುಟ್ಟಿತು. ಅವರು ಉಜ್ಜಿನಮ್ಮನನ್ನು ಕರೆಸಿದರು.

"ಹೋದ ವರ್ಷ ನೀ ಕಲಿಸಿದ ಇಬ್ಬರೂ ಬಳ್ಳಾರಿ ಫ್ಯಾಕ್ಟ್ರಿ ಸೇರಿದ್ರು. ನಾನೇನು ಇಲ್ಲಿ ಸಾಲಿ ತೆಗೆದೀನೇನು? ಈಕಿಗೂ ಕಲಿಸಿದಿ ಅಂದ್ರ ನೀನೂ ನಾಳಿಂದ ಬರಬ್ಯಾಡ."

"ಅರ್ಧ ಕೆಲಸ ಕಲಿಸಿ ಕಟ್ಟಿ ಹಾಕಿದ್ರ ದೇವ್ರಿಗೆ ಏನಂತ ಹೇಳ್ಲಿ ಅಣ್ಣಾ?"

"ದೇವ್ರು ಬಂದು ನನ್ನ ಆರ್ಡರ್ ಹೊಲಿದು ಕೊಡ್ತಾನೇನು?"

"ಇಲ್ರಿ, ನಾವಾ ಹೊಲೀತೀವಿ. ಊಟದ ಅರ್ಧ ತಾಸಿನ್ಯಾಗ ಕಲಿಸ್ತೀನಿ. ಆಕಿ ಹೋಗೂದ್ರಾಗ ಆ ಮಷಿನ್ನಿಗೆ ಇನ್ನೊಬ್ಬಾಕಿನ್ನ ಕೂಡಿಸಲಿಲ್ಲಂದ್ರ ನಾನಾ ಬಿಟ್ಟು ಹೋಗ್ತೀನಿ."

"ಇಪ್ಪತ್ತು ದಿನ. ಆಮ್ಯಾಲೆ ಮಾತಿಲ್ಲ," ಎಂದರು ಲಕ್ಷ್ಮಣಪ್ಪ.

ಮೊದಲ ದಿನವೇ ತೊಡಕು ಗೊತ್ತಾಯಿತು. ಜಿಪ್ ಕೂಡಿಸಿದೊಡನೆ ಶಿರಿಷಾಳ ಕೈ ಪ್ಯಾಂಟನ್ನು ತಾನಾಗಿ ಎಡಕ್ಕೆ ಎಸೆಯಿತು. ಸೊಂಟಪಟ್ಟಿಯ ಈಶ್ವರಮ್ಮ ಬುತ್ತಿ ಬಿಚ್ಚುತ್ತಲೇ ನಕ್ಕಳು. "ಅನಂತಪುರದಾಗೂ ಹಿಂಗಾ ಎಸೀ ತಾಯಿ. ನಾ ಇಲ್ಲಿಂದಾನ ಹಿಡ್ಕಂತೀನಿ."

ಹತ್ತು ದಿನ ಕಳೆದರೂ ಕೈ ಮಾತು ಕೇಳಲಿಲ್ಲ. ಪ್ರತಿ ಸಲ ಎದ್ದು ಹೋಗಿ ತರುವುದರಲ್ಲಿ ಸಮಯ ಮೀರುತ್ತಿತ್ತು. ಶಿರಿಷಾ ಅತ್ತಳು. ಉಜ್ಜಿನಮ್ಮ ಸಮಾಧಾನ ಹೇಳುತ್ತ ಕೂರಲಿಲ್ಲ. ಮಷಿನ್ನನ್ನು ಎಳೆದು ಅದರ ಎಡಮಗ್ಗುಲು ಗೋಡೆಗೆ ತಾಗುವಂತೆ ಇಟ್ಟರು. ಎಸೆದ ಪ್ಯಾಂಟು ಗೋಡೆಗೆ ಬಡಿದು ಶಿರಿಷಾಳ ತೊಡೆಯ ಮೇಲೇ ಬಿತ್ತು. ಅಲ್ಲಿಂದ ಐದನೆಯ ದಿನಕ್ಕೆ ಕೈ ಎಸೆಯುವುದನ್ನು ಬಿಟ್ಟಿತು.

ಜಿಪ್ಪಿನ ಜಾಗಕ್ಕೆ ಆಳು ಹುಡುಕಲು ಉಜ್ಜಿನಮ್ಮ ಆಟೊದಲ್ಲಿ ಸಿಕ್ಕ ಹೆಂಗಸರನ್ನೆಲ್ಲ ಕೇಳಿದ್ದರು. ಒಬ್ಬರೂ ಒಪ್ಪಿರಲಿಲ್ಲ. ಶಿರಿಷಾ ಪಾಸಾದ ಸುದ್ದಿ ಗುಮ್ಮಘಟ್ಟಕ್ಕೆ ತಲುಪಿದ ಮರುದಿನ ಮೂವರು ತಾವಾಗಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತರು.

"ಒಬ್ಬಾಕಿ ಅಂದಿದ್ದಿ. ಮೂವರು ಯಾಕ?" ಎಂದರು ಲಕ್ಷ್ಮಣಪ್ಪ.

"ನಾ ಕರೀಲಿಲ್ರಿ. ಇಲ್ಲಿ ಇಡೀ ಪ್ಯಾಂಟು ಕಲಿಸ್ತಾರಂತ ಬಂದಾರ."

"ಕಲಿತು ಇವರೂ ಹೋಗ್ತಾರ."

"ಎಲ್ಲಾರೂ ಹೋಗಾಕ ಆಗೂದಿಲ್ರಿ. ಒಬ್ಬಾಕಿ ಹೋದಾಳು, ಇಬ್ಬರು ಉಳೀತಾರ. ಉಳಿದವರಿಗೂ ಕೆಲಸ ಪೂರಾ ಬರ್ತದ."

ಲಕ್ಷ್ಮಣಪ್ಪ ಮೂವರನ್ನೂ ಒಮ್ಮೆ ನೋಡಿದರು. "ಮೂವರಿಗೆ ಅರ್ಧ ತಾಸು ಎಲ್ಲಿ ಸಾಕಾಗ್ತದ? ಊಟಕ್ಕ ಒಂದು ತಾಸು ಬಿಡ್ತೀನಿ, ಕಲಿಸು," ಎಂದು ಆಟೊದಲ್ಲಿ ಬಂದಿದ್ದ ಬಟ್ಟೆಯ ಥಾನುಗಳನ್ನು ಇಳಿಸಿಕೊಳ್ಳಲು ಹೊರಟರು.