ಮೊಳಕೆಯಲ್ಲದ ಹಸಿರು

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಮೂರು ಬೀದಿಗಳ ನೂರ ಎಂಬತ್ತು ಮನೆಗಳಿಗೆ ಅವಳು ರಾಶಿಯಕ್ಕ.

ಬೆಳಗ್ಗೆ ಆರಕ್ಕೆ ತಳ್ಳುಗಾಡಿ ಹೊರಡುತ್ತಿತ್ತು. ಗಾಡಿಯಲ್ಲಿ ಎರಡು ಡ್ರಮ್ಮು, ಒಂದು ಹಸಿ ಕಸಕ್ಕೆ, ಇನ್ನೊಂದು ಒಣ ಕಸಕ್ಕೆ. ಒಣ ಕಸ ನಗರಸಭೆ ಕಚೇರಿಯ ಲಾರಿಗೆ ಹೋದರೆ, ಹಸಿ ಕಸ ನೀರಿನ ಟ್ಯಾಂಕಿನ ಹಿಂದಿನ ಅಂಗಳಕ್ಕೆ ಬರುತ್ತಿತ್ತು. ಅಲ್ಲಿ ಇಟ್ಟಿಗೆಯ ಐದು ತೊಟ್ಟಿಗಳು, ಒಂದೊಂದರಲ್ಲೂ ಒಂದೊಂದು ವಯಸ್ಸಿನ ರಾಶಿ. ರಾಶಿಯಕ್ಕ ಅವುಗಳ ಬಗ್ಗೆ ಮಕ್ಕಳ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದಳು. ಮೊದಲನೆಯದು ಹಸಿಗೂಸು, ವಾಸನೆ ಜಾಸ್ತಿ, ಕಣ್ಣು ತಪ್ಪಿಸುವ ಹಾಗಿಲ್ಲ. ಎರಡನೆಯದಕ್ಕೆ ಸದಾ ಜ್ವರ. ಮೂರನೆಯದು ತಂಟೆಕೋರ, ನೊಣಗಳೆಲ್ಲ ಅದರ ಗೆಳೆಯರು. ನಾಲ್ಕನೆಯದಕ್ಕೆ ಬುದ್ಧಿ ಬಂದಿದೆ. ಐದನೆಯದು ಮನೆ ಬಿಟ್ಟು ಹೊರಡಲು ಸಿದ್ಧವಾಗಿ, ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ಹಾಗೆ ಕಂಪು ಬೀರುತ್ತಿರುತ್ತದೆ.

ರಾಶಿಯ ಜ್ವರ ನೋಡಲು ಕಚೇರಿಯವರು ಉದ್ದ ಕಡ್ಡಿಯ ಥರ್ಮಾಮೀಟರ್ ಕೊಟ್ಟಿದ್ದರು. ಅದು ಗೋಡೆಯ ಮೊಳೆಗೆ ತೂಗುಬಿದ್ದು ಆರಾಮವಾಗಿತ್ತು. ರಾಶಿಯಕ್ಕ ರವಿಕೆಯ ತೋಳು ಮಡಚಿ, ಮೊಣಕೈವರೆಗೆ ಕೈಯನ್ನು ರಾಶಿಯ ಹೊಟ್ಟೆಗೆ ಇಳಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಬಿಸಿ ಎಷ್ಟು, ತೇವ ಎಷ್ಟು, ಯಾವ ಮೂಲೆಯಲ್ಲಿ ಗಾಳಿ ಆಡುತ್ತಿಲ್ಲ ಎಂಬುದೆಲ್ಲ ಅಂಗೈಗೆ ಗೊತ್ತಾಗುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಆ ಅಂಗೈ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಬೀದಿಯವರು ಕಸ ಬೇರೆ ಮಾಡಲು ಕಲಿತದ್ದೂ ಅವಳಿಂದಲೇ. ಮೊದಮೊದಲು ಬಾಳೆಸಿಪ್ಪೆಯ ಜೊತೆ ಹಳೇ ಚಪ್ಪಲಿ, ಮೊಟ್ಟೆಯ ಓಡಿನ ಜೊತೆ ಮಾತ್ರೆಯ ಹಾಳೆ ಎಲ್ಲ ಒಟ್ಟಿಗೇ ಬರುತ್ತಿದ್ದವು. ಅವಳು ಜಗಳವಾಡಲಿಲ್ಲ. ಬಾಗಿಲಲ್ಲಿ ಕೂತು, ಅವರ ಕಣ್ಣೆದುರೇ ಬೇರೆ ಮಾಡಿ ತೋರಿಸಿದಳು. ಒಂದು ದಿನವಲ್ಲ, ಆರು ವರ್ಷ. ಕೊನೆಗೆ ಮನೆಯವರಿಗೇ ನಾಚಿಕೆಯಾಯಿತು. ಈಗ ರಾಶಿಯಕ್ಕ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

ಆ ವರ್ಷ ಕಚೇರಿಯಿಂದ ಹಸಿರು ಚೀಲಗಳು ಬಂದವು. ಬೆಣ್ಣೆಯ ಹಾಗೆ ನುಣುಪು, ಮೈಮೇಲೆ ಒಂದು ಎಲೆಯ ಚಿತ್ರ.

"ಅಕ್ಕಾ, ಇದು ಮಣ್ಣಲ್ಲಿ ಕರಗೋ ಚೀಲ," ಎಂದರು ಮೇಲ್ವಿಚಾರಕರು. "ಹಸಿ ಕಸ ಇದರಲ್ಲೇ ಕಟ್ಟಿ ಕೊಡ್ಲಿ. ಚೀಲದ ಸಮೇತ ರಾಶಿಗೆ ಹಾಕು. ಬಕೆಟ್ ತೊಳೆಯೋ ಗೋಳೇ ಇಲ್ಲ."

"ಎಲೆ ಚಿತ್ರ ಇದ್ರೆ ಎಲೆ ಆಗತ್ತಾ ಸಾರ್? ನನ್ನ ಸೀರೆ ಮೇಲೆ ನವಿಲಿದೆ, ಇನ್ನೂ ಕೂಗಿಲ್ಲ," ಎಂದಳು ರಾಶಿಯಕ್ಕ. ಆದರೂ ಪರೀಕ್ಷಿಸದೆ ಬಿಡಲಿಲ್ಲ. ಒಂದು ಚೀಲವನ್ನು ಎರಡನೆಯ ರಾಶಿಯ ಹೊಟ್ಟೆಯಲ್ಲಿ ಹೂತಳು. ಒಂದು ತಿಂಗಳ ಮೇಲೆ ಕಣ್ಣು ಮುಚ್ಚಿ ಕೈ ಇಳಿಸಿ ಹುಡುಕಿದಳು. ಮೇಲೆ, ಕೆಳಗೆ, ನಾಲ್ಕು ಮೂಲೆ. ಚೀಲ ಸಿಗಲಿಲ್ಲ. ಅಂಗೈ ತುಂಬ ಬೆಚ್ಚನೆಯ ಪುಡಿ ಅಷ್ಟೇ.

ಅವಳಿಗೆ ಸಂತೋಷವಾಯಿತು. ಆ ಸಂತೋಷದಲ್ಲೇ ನೂರ ಎಂಬತ್ತು ಬಾಗಿಲಿಗೂ ಹೋಗಿ, "ಚೀಲ ಕರಗತ್ತೆ, ನಾನೇ ಕೈಯಾರೆ ನೋಡಿದೀನಿ," ಎಂದು ಹೇಳಿಬಂದಳು. ಮರುದಿನದಿಂದಲೇ ಬಾಗಿಲು ಬಾಗಿಲಲ್ಲೂ ಹಸಿರು ಗಂಟುಗಳು ಕೂತವು.

ಆ ಚೀಲಗಳ ಮೊದಲ ರಾಶಿ ಮಾಗಿದ್ದು ನಾಲ್ಕು ತಿಂಗಳಿಗೆ. ಜರಡಿ ಹಿಡಿದು, ಎಂದಿನಂತೆ ಸಸಿ ತೋಟದ ಯಜಮಾನಿಗೆ ಕಳಿಸಿದಳು. ಆಕೆ ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಹೆಂಗಸು. ರಾಶಿಯಕ್ಕನ ಗೊಬ್ಬರ ಬಿಟ್ಟು ಬೇರೆಯದನ್ನು ಬೀಜದ ಟ್ರೇಗೆ ಹಾಕಿದವಳಲ್ಲ.

ಮೂರನೆಯ ದಿನ ಆಕೆಯೇ ವ್ಯಾನಿನಲ್ಲಿ ಬಂದಳು. ಕೈಯಲ್ಲೊಂದು ಟ್ರೇ.

"ಬಾ ಇಲ್ಲಿ, ಬಿಸಿಲಿಗೆ ಬಾ. ಎರಡೇ ದಿನಕ್ಕೆ ಮೊಳಕೆ ಬಂತು ಅಂತ ನಾನು ಕುಣಿದಾಡಿಬಿಟ್ಟೆ ಕಣೇ. ಕೆಲಸದೋರನ್ನೆಲ್ಲ ಕರೆದು ತೋರಿಸಿದೆ. ಮುಟ್ಟಿ ನೋಡು."

ನೀರು ಕುಡಿದ ಕಪ್ಪು ಮಣ್ಣಿನ ಮೇಲೆ ಹಸಿರು ಚುಕ್ಕೆಗಳು ಮಿನುಗುತ್ತಿದ್ದವು. ಸಾಸಿವೆಯಷ್ಟು ಕೆಲವು, ಉಗುರಿನ ತುದಿಯಷ್ಟು ಕೆಲವು. ರಾಶಿಯಕ್ಕ ಒಂದನ್ನು ಎತ್ತಿಕೊಂಡಳು. ಬೆಣ್ಣೆಯ ಹಾಗೆ ನುಣುಪು.

ಚೀಲ ಕರಗಿರಲಿಲ್ಲ, ಚೂರಾಗಿತ್ತು. ಜರಡಿಯ ಕಣ್ಣಿನಲ್ಲಿ ತೂರಿಹೋಗುವಷ್ಟು, ಅಂಗೈಗೆ ತಿಳಿಯದಷ್ಟು ಸಣ್ಣಗೆ. ಕಣ್ಣು ಮುಚ್ಚಿ ಹುಡುಕುವುದೇ ಅವಳ ಪದ್ಧತಿಯಾಗಿತ್ತು. ಕಣ್ಣು ತೆರೆದಿದ್ದರೆ ಅಂದೇ ಕಾಣುತ್ತಿತ್ತು.

"ಇದನ್ನ ನಾನು ಯಾರ ತೋಟಕ್ಕೆ ಕೊಡ್ಲಿ?" ಎಂದಳು ಯಜಮಾನಿ, ಈಗ ಸಣ್ಣ ದನಿಯಲ್ಲಿ. "ಈ ರಾಶಿ ನಂಗೆ ಬೇಡ. ಮುಂದಿನದೂ ಹೀಗೇ ಆದ್ರೆ ಅದೂ ಬೇಡ."

ಅವಳು ಹೋದ ಮೇಲೆ ರಾಶಿಯಕ್ಕ ತುಂಬ ಹೊತ್ತು ತೊಟ್ಟಿಯ ಅಂಚಿನಲ್ಲಿ ಕೂತಿದ್ದಳು. ಎರೆಹುಳುವೊಂದು ಮೇಲೆ ಬಂತು. ಹಸಿರು ಚೂರೊಂದಕ್ಕೆ ಮೂತಿ ತಾಗಿಸಿತು, ತಡೆದು ನಿಂತಿತು, ಸುತ್ತು ಹಾಕಿಕೊಂಡು ಮುಂದೆ ಹೋಯಿತು. ಪಕ್ಕದಲ್ಲಿದ್ದ ಈರುಳ್ಳಿ ಸಿಪ್ಪೆಯ ಚೂರಿನೊಳಕ್ಕೆ ಮಾತ್ರ ಮನೆಗೆ ಬಂದವರಂತೆ ಹೊಕ್ಕಿತು. ಅಷ್ಟು ಸಣ್ಣ ಹುಳುವಿಗೆ ಗೊತ್ತಾದದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು.

ಮೇಲ್ವಿಚಾರಕರು ಟ್ರೇ ನೋಡಿ ತಲೆ ಕೆರೆದುಕೊಂಡರು. "ಚೀಲ ವಾಪಸ್ ಕಳಿಸ್ತೀನಿ, ಅಷ್ಟು ಮಾಡಬಲ್ಲೆ. ಆದ್ರೆ ಬೀದಿಯವರಿಗೆ ನಿಜ ಹೇಳಕ್ಕೆ ಹೋಗ್ಬೇಡ ಅಕ್ಕ. ಸ್ಟಾಕ್ ಮುಗೀತು ಅಂದ್ಬಿಡು. ಒಂದ್ಸಲ ನಂಬಿಕೆ ಹೋದ್ರೆ ಮತ್ತೆ ಎಲ್ಲಾ ಒಂದೇ ಡಬ್ಬಿಗೆ ಸುರೀತಾರೆ."

ಆ ಭಯ ಅವಳಿಗೂ ಇತ್ತು. ಆರು ವರ್ಷ ಕಟ್ಟಿದ್ದು ಒಂದು ಬೆಳಗಿನಲ್ಲಿ ಕುಸಿಯಬಹುದು. ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿದಳು. ಅತ್ತೆ ಕಾಲು ಚಾಚಿಕೊಂಡು ಕೂತು, ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುತ್ತಿದ್ದಳು.

"ಸ್ಟಾಕ್ ಮುಗೀತು ಅಂದ್ರೆ, ಅಂಗಡೀಲಿ ಅಂಥದ್ದೇ ಚೀಲ ತಂದ್ಕೊಳ್ತಾರೆ," ಎಂದಳು ಅತ್ತೆ ದಾರ ಕಚ್ಚಿ. "ಕರಗತ್ತೆ ಅಂತ ನೀನೇ ಹೇಳಿದೀಯಲ್ಲ ತಾಯಿ."

"ಅದೇ ಅತ್ತೆ. ಹೇಳ್ಬೇಕು. ಹೇಗೆ ಹೇಳ್ಲಿ?"

"ಬಾಯಲ್ಲಿ. ನಿಂಗೇನು ಅದು ಕಡಿಮೆ ಇದ್ಯಾ?"

ಮಾರನೆಯ ಬೆಳಗ್ಗೆ ಗಾಡಿಯ ಮುಂದೆ ಆ ಟ್ರೇ ಕೂತಿತ್ತು. ಪಕ್ಕದಲ್ಲಿ ಒಣ ಎಲೆಯ ಎರಡು ಗೋಣಿಚೀಲ. ಪ್ರತಿ ಬಾಗಿಲಲ್ಲೂ ರಾಶಿಯಕ್ಕ ಟ್ರೇ ತೋರಿಸಿದಳು. "ನಾನು ಹೇಳಿದ್ದು ತಪ್ಪಾಯ್ತು. ಕರಗಿಲ್ಲ, ಚೂರಾಗಿದೆ. ಸಿಪ್ಪೆ ಮೂರ್ನಾಲ್ಕು ತಿಂಗಳಿಗೆ ಮಣ್ಣಾಗತ್ತೆ. ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರತ್ತೆ, ಬೇರಿಗೆ ಅಡ್ಡ, ಹುಳಕ್ಕೆ ಅಡ್ಡ. ಇನ್ಮೇಲೆ ಹಸಿ ಕಸ ಬರೀ ಬಕೆಟ್‌ನಲ್ಲೇ ಕೊಡಿ."

"ಅಯ್ಯೋ, ಬಕೆಟ್ ತೊಳೆಯೋರು ಯಾರು? ನಮ್ಮೆಜಮಾನ್ರು ಕುಡಿದ ಲೋಟಾನೇ ತೊಳೆಯಲ್ಲ," ಎಂದಳು ಒಬ್ಬಳು.

"ತಳಕ್ಕೆ ಎರಡು ಹಿಡಿ ಈ ಎಲೆ ಹಾಕಿ. ನೀರೆಲ್ಲ ಹೀರ್ಕೊಳ್ಳತ್ತೆ, ವಾಸನೆ ಇರಲ್ಲ. ಬಗ್ಗಿಸಿ ತಟ್ಟಿದ್ರೆ ಸಾಕು. ಎಜಮಾನ್ರಿಗೂ ಬರತ್ತೆ," ಎಂದು ರಾಶಿಯಕ್ಕ ತಾನೇ ಬಕೆಟ್ಟಿಗೆ ಎಲೆ ಹಾಕಿ ಕೊಟ್ಟಳು.

ಕೆಲವರು ನಕ್ಕರು. ಕೆಲವರು ಚೂರನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ ಬೆರಗಾದರು. ಕೆಲವರು ಬಾಗಿಲು ಹಾಕಿಕೊಂಡರು. ಕೊನೆಯ ಮನೆ ನಿವೃತ್ತ ಲೆಕ್ಕದ ಮೇಷ್ಟ್ರದು. ಅವರು ಕನ್ನಡಕ ಮೇಲೇರಿಸಿ ಟ್ರೇ ನೋಡಿದರು, ಅವಳನ್ನು ನೋಡಿದರು.

"ಕೈಯಾರೆ ನೋಡಿದೀನಿ ಅಂದಿದ್ದೆ ನೀನು."

"ಕೈಯಾರೆ ನೋಡಿದ್ದೆ ಮೇಷ್ಟ್ರೇ. ಕಣ್ಣಾರೆ ನೋಡಿರ್ಲಿಲ್ಲ."

"ಹಾಗಾದ್ರೆ ಎಲೆ ಹಾಕಿದ್ರೆ ಸರಿಹೋಗತ್ತೆ ಅನ್ನೋದನ್ನ ಯಾಕೆ ನಂಬ್ಲಿ? ನಾನಿನ್ನು ನಿನ್ನ ಮಾತು ನಂಬಲ್ಲ." ಬಾಗಿಲು ಮುಚ್ಚಿತು.

ರಾಶಿಯಕ್ಕ ಟ್ರೇ ಎತ್ತಿ ಗಾಡಿಯ ಮೇಲಿಟ್ಟಳು. ಮೇಷ್ಟ್ರ ಮನೆಯ ಮುಂದೆ ಬೀದಿಯ ಗಂಡಸರೆಲ್ಲ ಪೇಪರ್ ಓದಲು ಸೇರುತ್ತಾರೆ. ಅವರು ಹೇಳಿದ್ದೇ ಮೂರು ಬೀದಿಗೂ ಮುಟ್ಟುತ್ತದೆ.

ಮರುದಿನ ನೂರ ಎಂಬತ್ತರಲ್ಲಿ ತೊಂಬತ್ತು ಮನೆಗಳಷ್ಟೇ ಬರೀ ಬಕೆಟ್ ಇಟ್ಟಿದ್ದವು. ಉಳಿದವರಲ್ಲಿ ಕೆಲವರದು ಹಸಿರು ಗಂಟು, ಕೆಲವರದು ಎಲ್ಲ ಕಲೆಸಿದ ಕಸ. ರಾಶಿಯಕ್ಕ ಮತ್ತೆ ಬಾಗಿಲಲ್ಲಿ ಕೂತು ಗಂಟು ಬಿಚ್ಚಿದಳು, ಬೇರೆ ಮಾಡಿದಳು, ಖಾಲಿ ಚೀಲವನ್ನು ಮಡಚಿ ಅವರ ಕೈಗೇ ಕೊಟ್ಟಳು. ಅಂಗಳಕ್ಕೆ ಬಂದಾಗ ಅಲ್ಲೊಂದು ಮಡಚುವ ಕುರ್ಚಿ, ಅದರ ಮೇಲೆ ಮೇಷ್ಟ್ರು. ತೊಡೆಯ ಮೇಲೆ ಬಿಳಿ ಹಾಳೆ, ಕೈಯಲ್ಲಿ ಭೂತಗನ್ನಡಿ.

"ನಂಬಲ್ಲ ಅಂದೆ. ನೋಡಲ್ಲ ಅನ್ಲಿಲ್ಲ," ಎಂದರು ಅವರು. "ತಾ, ಆ ಮೊದಲನೇ ತೊಟ್ಟೀದು ಒಂದು ಹಿಡಿ."

"ಅದು ನಾರತ್ತೆ ಮೇಷ್ಟ್ರೇ."

"ಮೂವತ್ತೈದು ವರ್ಷ ಹತ್ತನೇ ಕ್ಲಾಸಿನ ಹುಡುಗರ ಮಧ್ಯೆ ಇದ್ದೋನು ನಾನು. ತಾ."

ಅಂದಿನಿಂದ ವಾರಕ್ಕೆರಡು ಮಧ್ಯಾಹ್ನ ಮೇಷ್ಟ್ರ ಕುರ್ಚಿ ಟ್ಯಾಂಕಿನ ನೆರಳಿಗೆ ಬರುತ್ತಿತ್ತು. ಒಂದೊಂದು ತೊಟ್ಟಿಯಿಂದ ಒಂದೊಂದು ಹಿಡಿ ಬಿಳಿ ಹಾಳೆಯ ಮೇಲೆ ಹರಡಿ, ಕಾಳು ಆರಿಸುವವರ ಹಾಗೆ ಬೆರಳಲ್ಲಿ ಸರಿಸಿ ಸರಿಸಿ ನೋಡುತ್ತಿದ್ದರು. ಹಸಿರು ಚೂರು ಸಿಕ್ಕಿದ ರಾಶಿಗಳನ್ನು ಯಾವ ಗಿಡಕ್ಕೂ ಕೊಡಬಾರದೆಂದು ಇಬ್ಬರೂ ಒಪ್ಪಿದರು. ಅವು ಹಿಂದಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಸೇರಿದವು. ಇಂದಿಗೂ ಅಲ್ಲೇ ಇವೆ. ಸಂಜೆ ಪೇಪರಿನ ಗುಂಪಿಗೆ ಮೇಷ್ಟ್ರು ತಾವು ಕಂಡದ್ದನ್ನು ಕಂಡ ಹಾಗೇ ಹೇಳುತ್ತಿದ್ದರು. ಒಳ್ಳೆಯದನ್ನೂ ಹೆಚ್ಚು ಮಾಡದೆ, ಕೆಟ್ಟದ್ದನ್ನೂ ಮುಚ್ಚದೆ. ಬಾಗಿಲುಗಳಲ್ಲಿ ಬಕೆಟ್ಟುಗಳು ನೂರಾದವು, ನೂರ ಮೂವತ್ತಾದವು, ನೂರ ಅರವತ್ತಾದವು. ರಾಶಿಯಕ್ಕ ಒಂದು ದಿನ ಭೂತಗನ್ನಡಿ ಕೇಳಿ ತಾನೂ ನೋಡಿದಳು. ಮೊಟ್ಟೆಯ ಓಡಿನ ಪುಡಿ ನಕ್ಷತ್ರದ ಹಾಗೆ ಕಂಡಿತು.

ನಾಲ್ಕು ತಿಂಗಳ ಮೇಲೆ, ಚೀಲವಿಲ್ಲದ ಮೊದಲ ರಾಶಿ ಮಾಗಿದ ದಿನ, ಸಸಿ ತೋಟದ ಯಜಮಾನಿಯ ವ್ಯಾನು ಬಂದು ನಿಂತಿತು. ಆಕೆ ಇಳಿದು, ಕುರ್ಚಿಯಲ್ಲಿ ಹಾಳೆಗೆ ಮೂಗು ತಾಗುವಷ್ಟು ಬಗ್ಗಿದ್ದ ಮನುಷ್ಯನನ್ನು ನೋಡಿ, "ಯಾರೇ ಇವ್ರು?" ಎಂದಳು.

"ನನ್ನ ಮಾತು ನಂಬದೋರು," ಎಂದಳು ರಾಶಿಯಕ್ಕ. ದನಿಯಲ್ಲಿ ಹೆಮ್ಮೆಯಿತ್ತು.

"ಸಿಕ್ತು!" ಎಂದು ಮೇಷ್ಟ್ರು ಕೂಗಿದರು. ಇಬ್ಬರೂ ಹೆದರಿ ಬಗ್ಗಿದರು. ಹಾಳೆಯ ಮಧ್ಯೆ ಬಟ್ಟೆಯ ಗುಂಡಿಯಷ್ಟು ದೊಡ್ಡ, ಹಣ್ಣಿನ ಮೇಲೆ ಅಂಟಿಸುವ ಒಂದು ಸ್ಟಿಕ್ಕರ್. ಜರಡಿಯ ಹರಿದ ಮೂಲೆಯಿಂದ ಇಳಿದಿರಬೇಕು. ಮೇಷ್ಟ್ರು ಅದನ್ನು ಭೂತಗನ್ನಡಿಯ ಕೆಳಗೆ ತಂದು ಅಕ್ಷರ ಓದಿದರು. ಇನ್ನೊಮ್ಮೆ ಓದಿದರು. ಮುಖ ಸಣ್ಣದಾಯಿತು.

"ಯಾರ ಮನೇದು ಮೇಷ್ಟ್ರೇ?"

"ಈ ಫಾರಿನ್ ಹಣ್ಣು... ಡಾಕ್ಟರ್ ದಿನಾ ಒಂದು ತಿನ್ನಕ್ಕೆ ಹೇಳಿದಾರೆ ನಂಗೆ. ಈ ಬೀದೀಲಿ ಬೇರೆ ಯಾರು ತಿಂತಾರೆ?" ಅವರು ಸ್ಟಿಕ್ಕರನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ನಮ್ಮನೇಲಿ ಹೇಳ್ಬೇಡ. ಸಿಪ್ಪೆ ನಾನೇ ಎಸೆಯೋದು."

ಯಜಮಾನಿಯ ದೊಡ್ಡ ಗಂಟಲು ಅಂಗಳದ ತುಂಬ ನಕ್ಕಿತು. ಒಂದು ಹಿಡಿ ಗೊಬ್ಬರ ಎತ್ತಿ ಬಿಸಿಲಿಗೆ ಹಿಡಿದಳು, ನೀರು ಚಿಮುಕಿಸಿ ಮತ್ತೆ ಹಿಡಿದಳು. ಕಪ್ಪು, ಬರೀ ಕಪ್ಪು. "ತುಂಬ್ಸು," ಎಂದಳು.

ರಾಶಿಯಕ್ಕ ಸಲಿಕೆಗೆ ಕೈ ಹಾಕಿದಳು. ಮೇಷ್ಟ್ರು ಕುರ್ಚಿಯಿಂದ ಎದ್ದು ಅಡ್ಡ ಬಂದರು.

"ತಡಿ, ತಡಿ. ಒಂದು ಸಿಕ್ಕಿದ ಮೇಲೆ ಇನ್ನೊಂದು ಇರ್ಬಹುದು. ಜರಡಿ ಹೊಲಿದು ಇನ್ನೊಂದ್ಸಲ ಹಿಡೀಬೇಕು."

"ವ್ಯಾನು ಕಾಯ್ತಿದೆ ಮೇಷ್ಟ್ರೇ!"

"ಕಾಯ್ಲಿ," ಎಂದರು ಅವರು. ಹರಿದ ಮೂಲೆ ಹೊಲಿದಾದ ಮೇಲೆ ಅಂಗಿಯ ತೋಳು ಮಡಚಿ ಜರಡಿಯ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ರಾಶಿಯಕ್ಕ ಹಿಡಿದಳು.